ಗಾಳಿ ತುಂಬಿದ ಫೋರ್ಕು, ಪಕ್ಕದಲ್ಲೊಬ್ಬ ಪಂಪಿನವ

ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಕೆಳಕ್ಕೆ ಒತ್ತಿ ನೋಡದ ಹುಡುಗರು ವಿರಳ. ಮೊದಲರ್ಧ ಸಲೀಸಾಗಿ ಇಳಿಯುತ್ತದೆ. ಆಮೇಲೆ ಹಿಡಿ ಗಟ್ಟಿಯಾಗುತ್ತಾ ಹೋಗುತ್ತದೆ. ಕೊನೆಯ ಎರಡು ಅಂಗುಲವನ್ನಂತೂ ಮೈಭಾರವನ್ನೆಲ್ಲ ಹಾಕಿದರೂ ಒತ್ತಲಾಗದು. ಕೈ ಸಡಿಲಿಸಿದರೆ ಸಾಕು, ಹಿಡಿ ತಾನಾಗಿ ಮೇಲಕ್ಕೆ ಹಾರುತ್ತದೆ. ಪಂಪಿನೊಳಗೆ ಉಕ್ಕಿನ ಸುರುಳಿ ಇಲ್ಲ, ರಬ್ಬರಿನ ಚೆಂಡಿಲ್ಲ. ಇರುವುದು ಬರೀ ಗಾಳಿ.

ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1660ರಲ್ಲಿ ತನ್ನ ಪುಸ್ತಕಕ್ಕೆ ಹೆಸರಿಡುವಾಗ ಗಾಳಿಯ ಈ ಗುಣವನ್ನು 'ಸ್ಪ್ರಿಂಗ್' ಎಂದೇ ಕರೆದ. 1662ರಲ್ಲಿ ಅದರ ಎರಡನೆಯ ಮುದ್ರಣ ಬಂದಾಗ, ಇಂದು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುವ ನಿಯಮವೂ ಅದರಲ್ಲಿ ಸೇರಿತು: ಉಷ್ಣತೆ ಬದಲಾಗದಿದ್ದರೆ, ಗಾಳಿಯ ಗಾತ್ರ ಅರ್ಧವಾದಾಗ ಅದರ ಒತ್ತಡ ಎರಡು ಪಟ್ಟಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಈ ನಿಯಮದ ಗೊಡವೆ ಬೇಡವೆಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಕೆಸರು ದಿಬ್ಬಗಳ ಮೇಲೆ ಹತ್ತಾರು ಅಡಿ ದೂರ ಹಾರಿ ಇಳಿಯುವ ಮೋಟೊಕ್ರಾಸ್ ಸವಾರನ ಎರಡು ಮಣಿಕಟ್ಟುಗಳು ಈ ನಿಯಮವನ್ನೇ ನಂಬಿಕೊಂಡಿರುತ್ತವೆ.

ಮೋಟರ್ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳನ್ನು ಒಟ್ಟಾಗಿ ಫೋರ್ಕ್ ಎನ್ನುತ್ತಾರೆ. ಸಾಮಾನ್ಯ ಫೋರ್ಕಿನಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಒಳಗಿರುವ ಉಕ್ಕಿನ ಸುರುಳಿ ಸ್ಪ್ರಿಂಗ್ ಪೆಟ್ಟನ್ನು ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಅದು ಹಾಗೆಯೇ ಉಗುಳಿದರೆ ಗಾಡಿ ಕುದುರೆಯಂತೆ ನೆಗೆಯುತ್ತದೆ. ಆದ್ದರಿಂದ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ಹಾಯಿಸಿ ಆ ನೆಗೆತವನ್ನು ತಗ್ಗಿಸುತ್ತಾರೆ. ಮೋಟೊಕ್ರಾಸ್ ಗಾಡಿಯ ಫೋರ್ಕು ಸುಮಾರು 300 ಮಿಲಿಮೀಟರ್, ಅಂದರೆ ಒಂದು ಅಡಿಯಷ್ಟು, ಒಳಕ್ಕೆ ಹೋಗಿ ಹೊರಕ್ಕೆ ಬರುತ್ತದೆ. ಗಾಳಿ ಫೋರ್ಕಿನಲ್ಲಿ ಎಣ್ಣೆಯ ಕೆಲಸ ಎಣ್ಣೆಗೇ ಉಳಿಯುತ್ತದೆ. ಸ್ಪ್ರಿಂಗಿನ ಜಾಗದಲ್ಲಿ ಮಾತ್ರ ಪಂಪು ಹಾಕಿ ತುಂಬಿದ ಗಾಳಿ ಕೂರುತ್ತದೆ.

ಇದರಿಂದಾಗುವ ಲಾಭ ಸಣ್ಣದಲ್ಲ. ಮೊದಲನೆಯದು ತೂಕ. ಎರಡು ಉಕ್ಕಿನ ಸುರುಳಿಗಳನ್ನು ತೆಗೆದರೆ ಗಾಡಿಯ ಮೂತಿಯಿಂದ ಒಂದು ಕಿಲೋವಿಗೂ ಹೆಚ್ಚು ಇಳಿಯುತ್ತದೆ. ಎರಡನೆಯದು ಹೊಂದಾಣಿಕೆ. 60 ಕಿಲೋ ತೂಗುವ ಹುಡುಗ ಇಳಿದು 85 ಕಿಲೋದವನು ಹತ್ತಿದರೆ ಸುರುಳಿ ಫೋರ್ಕನ್ನು ಬಿಚ್ಚಿ ಬೇರೆ ಸ್ಪ್ರಿಂಗ್ ಕೂರಿಸಬೇಕು. ಗಾಳಿ ಫೋರ್ಕಿಗೆ ಎರಡು ನಿಮಿಷ ಪಂಪು ಹೊಡೆದರಾಯಿತು. ಮೂರನೆಯದು ಬಾಯ್ಲ್‌ನ ಕೊಡುಗೆ. ಉಕ್ಕಿನ ಸುರುಳಿ ಪ್ರತಿ ಸೆಂಟಿಮೀಟರಿಗೂ ಒಂದೇ ಅಳತೆಯಲ್ಲಿ ಎದುರೊತ್ತುತ್ತದೆ. ಗಾಳಿ ಹಾಗಲ್ಲ, ಕೊನೆಕೊನೆಗೆ ಹಠಮಾರಿಯಾಗುತ್ತದೆ. ದೊಡ್ಡ ಹಾರಿಕೆಯ ನಂತರ ಫೋರ್ಕು ತಳ ಮುಟ್ಟಿ 'ಠಣ್' ಎನ್ನುವ ಆಘಾತವನ್ನು ತಪ್ಪಿಸಲು ಈ ಹಠವೇ ಬೇಕು.

ನಿಜ ಹೇಳಬೇಕೆಂದರೆ ಉಕ್ಕಿನ ಸ್ಪ್ರಿಂಗಿರುವ ಫೋರ್ಕಿನಲ್ಲೂ ಗಾಳಿ ಕದ್ದು ಕೆಲಸ ಮಾಡುತ್ತಲೇ ಇರುತ್ತದೆ. ಎಣ್ಣೆಯ ಮೇಲೆ ಉಳಿದ ಖಾಲಿ ಜಾಗದಲ್ಲಿ ಸಿಕ್ಕಿಬಿದ್ದ ಗಾಳಿ ಪ್ರತಿ ಗುಂಡಿಗೂ ಕುಗ್ಗಿ ಹಿಗ್ಗುತ್ತದೆ. ಎಣ್ಣೆ ಹೆಚ್ಚು ಹಾಕಿದರೆ ಗಾಳಿಗೆ ಜಾಗ ಕಡಿಮೆ, ಎದುರೊತ್ತು ಹೆಚ್ಚು. ಗ್ಯಾರೇಜಿನಲ್ಲಿ ಫೋರ್ಕ್ ಎಣ್ಣೆಯನ್ನು ಅಂದಾಜಿಗೆ ಸುರಿಯದೆ ಅಳೆದು ಹಾಕಬೇಕೆನ್ನುವುದು ಇದಕ್ಕಾಗಿಯೇ. ಇದನ್ನು ತಿಳಿದ ಮೆಕ್ಯಾನಿಕ್ ಅಳತೆಯ ಲೋಟವನ್ನು ಕೈಯಿಂದ ಕೆಳಗಿಡುವುದಿಲ್ಲ.

ಗಾಳಿ ಫೋರ್ಕು ಹೊಸ ಕಲ್ಪನೆಯೂ ಅಲ್ಲ. ವಿಮಾನ ನೆಲಕ್ಕಿಳಿಯುವಾಗ ಚಕ್ರದ ಕಾಲುಗಳು ಗಾಳಿ ಮತ್ತು ಎಣ್ಣೆಯ ಬಲದಿಂದ ಪೆಟ್ಟು ತಡೆಯುತ್ತವೆ. ಆ ಕಾಲುಗಳನ್ನು ತಯಾರಿಸುತ್ತಿದ್ದ ಬ್ರಿಟನ್ನಿನ ಡೌಟಿ ಕಂಪೆನಿ ಅದೇ ತತ್ತ್ವದ ಫೋರ್ಕನ್ನು ಮೋಟರ್ ಸೈಕಲ್ಲಿಗೂ ಮಾಡಿತು. 1940ರ ದಶಕದ ಕೊನೆಯಲ್ಲಿ ವೆಲೊಸೆಟ್, ಪ್ಯಾಂಥರ್, ಸ್ಕಾಟ್ ಗಾಡಿಗಳಲ್ಲಿ ಅದು ಬಂತು. ಸೀಲುಗಳು ಹೊಸದಾಗಿರುವವರೆಗೆ ಸವಾರಿ ಹೂವಿನಂತೆ. ಸೀಲು ಸವೆದು ಗಾಳಿ ಸೋರಿದರೆ ಆಸರೆಗೆ ಒಳಗೆ ಸುರುಳಿ ಇಲ್ಲ, ಗಾಡಿ ಮೂಗು ನೆಲಕ್ಕಿಟ್ಟು ಕೂರುತ್ತಿತ್ತು. ಕೆಲವೇ ವರ್ಷಗಳಲ್ಲಿ ತಯಾರಕರು ಸುರುಳಿಗೆ ಮರಳಿದರು.

ಆರು ದಶಕಗಳ ನಂತರ ಅದೇ ನಾಟಕ ಮತ್ತೊಮ್ಮೆ ರಂಗವೇರಿತು. 2013ರ ಮಾದರಿಯ ಹೋಂಡಾ ಸಿಆರ್‌ಎಫ್ 450 ಆರ್ ಗಾಡಿಗೆ ಜಪಾನಿನ ಕಯಾಬ ಕಂಪೆನಿಯ ಗಾಳಿ ಫೋರ್ಕು ಬಂತು. ಅದರಲ್ಲಿ ತುಂಬಬೇಕಾದದ್ದು ಸುಮಾರು 33 ಪಿಎಸ್‌ಐ, ಹೆಚ್ಚುಕಡಿಮೆ ಕಾರಿನ ಟೈರಿನಷ್ಟು. ಶೋವಾ ಕಂಪೆನಿ ಗಾಳಿಯನ್ನು ಮೂರು ಕೋಣೆಗಳಲ್ಲಿ ಬೇರೆ ಬೇರೆ ಒತ್ತಡದಲ್ಲಿಡುವ ಫೋರ್ಕನ್ನು ಮಾಡಿತು. ಮೂರು ಕೋಣೆ ಎಂದರೆ ಮೂರು ಲೆಕ್ಕ, ಮೂರು ಕಡೆ ಸೋರುವ ಅವಕಾಶ. ಸವಾರರು ಗೊಣಗಿದರು. 2017ರಲ್ಲಿ ಹೋಂಡಾ, 2018ರಲ್ಲಿ ಸುಜುಕಿ, 2019ರಲ್ಲಿ ಕವಾಸಾಕಿ, ಒಂದರ ಹಿಂದೊಂದು ತಮ್ಮ 450 ಸಿಸಿ ಮೋಟೊಕ್ರಾಸ್ ಗಾಡಿಗಳಲ್ಲಿ ಉಕ್ಕಿನ ಸುರುಳಿಗೆ ಹಿಂತಿರುಗಿದವು. ಯಮಾಹಾ ಸುರುಳಿಯನ್ನು ಬಿಟ್ಟೇ ಇರಲಿಲ್ಲ. ಗಾಳಿಯನ್ನು ಬಿಡದೆ ಹಿಡಿದುಕೊಂಡದ್ದು ಆಸ್ಟ್ರಿಯಾದ ಕೆಟಿಎಂ ಮತ್ತು ಅದೇ ಬಳಗದ ಹಸ್ಕ್‌ವರ್ನಾ.

ನಮ್ಮ ರಸ್ತೆಗಳಲ್ಲಿ ಓಡುವ ಕೆಟಿಎಂ ಡ್ಯೂಕ್ ಗಾಡಿಗಳನ್ನು ನೋಡಿ ಯಾರೂ ಗೊಂದಲಪಡಬೇಕಿಲ್ಲ. ಅವುಗಳ ಫೋರ್ಕಿನಲ್ಲಿರುವುದು ಉಕ್ಕಿನ ಸ್ಪ್ರಿಂಗೇ. ಗಾಳಿ ಇರುವುದು ರಸ್ತೆಗೆ ಇಳಿಸಲಾಗದ, ನಂಬರ್ ಪ್ಲೇಟ್ ಇಲ್ಲದ ಮೋಟೊಕ್ರಾಸ್ ಮಾದರಿಗಳಲ್ಲಿ. ಅದರ ಒಂದು ಕಾಲಿನಲ್ಲಿ ಗಾಳಿ, ಇನ್ನೊಂದು ಕಾಲಿನಲ್ಲಿ ಎಣ್ಣೆಯ ತಡೆ. ಉಜ್ಜಾಟದಿಂದ ಬಿಸಿಯಾಗುವ ಎಣ್ಣೆಯನ್ನು ಗಾಳಿಯಿಂದ ದೂರವಿಟ್ಟದ್ದು ಜಾಣತನ. 450 ಸಿಸಿ ಗಾಡಿಯ ಗಾಳಿಗಾಲಿನಲ್ಲಿ ಇರಬೇಕಾದ ಒತ್ತಡ 10.8 ಬಾರ್‌ನ ಆಸುಪಾಸು, ಕಾರಿನ ಟೈರಿನ ಐದು ಪಟ್ಟು. ಇಷ್ಟನ್ನು ಹಿಡಿದಿಟ್ಟಿರುವುದು ಬೆರಳಿನಷ್ಟೂ ದಪ್ಪವಿಲ್ಲದ ಕೆಲವು ರಬ್ಬರ್ ಉಂಗುರಗಳು. ಗಾಳಿ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಮುರಿಯುವುದಿಲ್ಲ. ಸವೆಯುವುದೆಲ್ಲ ಅದನ್ನು ಕಾಯುವ ರಬ್ಬರು. ಆದ್ದರಿಂದ ಗಾಳಿ ಫೋರ್ಕಿನ ಆರೈಕೆ ಎಂದರೆ ಮುಖ್ಯವಾಗಿ ಈ ಉಂಗುರಗಳ ಆರೈಕೆ, ಮತ್ತು ಪ್ರತಿದಿನ ತಪ್ಪದೆ ಅಳೆಯುವ ಅಭ್ಯಾಸ.

ಅಳೆಯುವುದರಲ್ಲೇ ಹೆಚ್ಚಿನವರು ಎಡವುವುದು. ಪೆಟ್ರೋಲ್ ಬಂಕಿನ ಗಾಳಿ ಯಂತ್ರ ಇಲ್ಲಿ ಉಪಯೋಗಕ್ಕೆ ಬಾರದು. ಅದಕ್ಕೆ ಅಷ್ಟು ಒತ್ತಡವೂ ಇಲ್ಲ, ನಾಜೂಕೂ ಇಲ್ಲ. ಫೋರ್ಕಿಗೆಂದೇ ಮಾಡಿದ, ಗೇಜ್ ಇರುವ ಸಣ್ಣ ಕೈಪಂಪು ಬೇಕು. ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ ಮುಂದಿನ ಚಕ್ರ ನೆಲ ಬಿಟ್ಟಿರುವಾಗ, ಫೋರ್ಕು ಪೂರ್ತಿ ಚಾಚಿರುವಾಗ, ತಣ್ಣಗಿರುವಾಗ ಅಳೆಯಬೇಕು. ಬೆಲ್ಡಿಂಗ್ ಅಂಗಡಿ ಪಕ್ಕದಲ್ಲಿದೆಯೆಂದು ಆಮ್ಲಜನಕದ ಸಿಲಿಂಡರಿನಿಂದ ತುಂಬುವ ಸಾಹಸವನ್ನು ಯಾರೂ ಮಾಡಬಾರದು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸೇರಿದರೆ ಕಿಡಿಯಿಲ್ಲದೆಯೂ ಸ್ಫೋಟವಾಗಬಹುದು.

ಇನ್ನು ತಣ್ಣಗಿರಬೇಕೇಕೆ? ಬೆಳಿಗ್ಗೆ 20 ಡಿಗ್ರಿ ಇರುವಾಗ ಗೇಜಿನಲ್ಲಿ 10.8 ಬಾರ್ ತುಂಬಿದಿರೆನ್ನಿ. ಗೇಜು ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ. ನಿಜವಾದ ಒತ್ತಡಕ್ಕೆ ಇನ್ನೊಂದು ಬಾರ್ ಕೂಡಿಸಬೇಕು, ಅಂದರೆ 11.8. ಓಟದಲ್ಲಿ ಕಾಲಿನೊಳಗಿನ ಗಾಳಿ 40 ಡಿಗ್ರಿಗೇರಿತೆಂದುಕೊಳ್ಳೋಣ. ಕೆಲ್ವಿನ್ ಲೆಕ್ಕದಲ್ಲಿ 293 ಇದ್ದದ್ದು 313 ಆಯಿತು. ಒತ್ತಡವೂ ಅದೇ ಪ್ರಮಾಣದಲ್ಲಿ ಏರಿ 12.6 ಆಗುತ್ತದೆ, ಗೇಜಿನಲ್ಲಿ 11.6. ಯಾರೂ ಪಂಪನ್ನು ಮುಟ್ಟಿಲ್ಲ, ಆದರೂ 0.8 ಬಾರ್ ಹೆಚ್ಚಾಗಿದೆ. ಕೆಲವರು ಓಟ ಮುಗಿದ ಕೂಡಲೇ ಅಳೆದು, ಹೆಚ್ಚಾಗಿದೆಯಲ್ಲಾ ಎಂದು ಗಾಳಿ ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಫೋರ್ಕು ತಣ್ಣಗಾದಾಗ ಒತ್ತಡ ಸಾಲದೆ ಗಾಡಿ ಮುಗ್ಗರಿಸುತ್ತದೆ, ಫೋರ್ಕಿನ ಮೇಲೆ ಗೂಬೆ ಕೂರುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತುಂಬಿದ ಫೋರ್ಕನ್ನು 3500 ಮೀಟರ್ ಎತ್ತರದ ಲೇಹ್‌ಗೆ ಒಯ್ದರೆ, ಹೊರಗಿನ ಗಾಳಿ ತೆಳುವಾದ್ದರಿಂದ ಗೇಜು ಕಾಲು ಬಾರ್‌ನಷ್ಟು ಹೆಚ್ಚು ತೋರಿಸುತ್ತದೆ. ಇದರ ಜೊತೆಗೆ ಇನ್ನೊಂದು ಕಿರುಕುಳವಿದೆ. ಗಾಳಿಯ ಕೋಣೆಯ ಹೊರಗೆ, ಕೊಳವೆಯ ಉಳಿದ ಜಾಗದಲ್ಲಿ ಇರಬೇಕಾದದ್ದು ವಾತಾವರಣದ ಒತ್ತಡ ಮಾತ್ರ. ಸಾವಿರಾರು ಸಲ ಮೇಲೆ ಕೆಳಗೆ ಓಡಾಡುವಾಗ ಅಲ್ಲಿಗೆ ಚೂರು ಚೂರೇ ಗಾಳಿ ಸೇರಿಕೊಂಡು ಫೋರ್ಕು ಬಿರುಸಾಗುತ್ತದೆ. ಅದನ್ನು ಹೊರಬಿಡಲೆಂದೇ ಎರಡೂ ಕಾಲುಗಳ ತಲೆಯ ಮೇಲೆ ಪುಟ್ಟ ಸ್ಕ್ರೂ ಇರುತ್ತದೆ. ಸವಾರಿಗೆ ಮುನ್ನ ಚಕ್ರವನ್ನೆತ್ತಿ ಅದನ್ನು ಸಡಿಲಿಸಿದರೆ 'ಪುಸ್' ಎಂದು ಸಣ್ಣ ಸದ್ದು. ತಿರುಗಿ ಬಿಗಿ ಮಾಡಿದರೆ ಮುಗಿಯಿತು. ಗಾಡಿ ಓಡದೆ ನಿಂತಿದ್ದರೂ ಗಾಳಿಗಾಲಿನ ಸ್ಕ್ರೂವಿನಿಂದ ಜೋರಾಗಿ ಗಾಳಿ ಬಂದರೆ ಮಾತ್ರ ಎಚ್ಚರ ಬೇಕು. ಕೋಣೆಯೊಳಗಿನ ಗಾಳಿ ಒಳಸೀಲನ್ನು ದಾಟಿ ಹೊರಬರುತ್ತಿದೆ ಎಂದು ಅದರ ಅರ್ಥ.

ಸೀಲಿನ ವೈರಿಗಳು ಮಣ್ಣು ಮತ್ತು ಮರಳು. ಈ ಗಾಡಿಗಳಲ್ಲಿ ಮೇಲಿನ ದಪ್ಪ ಕೊಳವೆಯೊಳಕ್ಕೆ ಕೆಳಗಿನ ಮಿರುಗುವ ಕೊಳವೆ ನುಗ್ಗುತ್ತದೆ. ಎರಡೂ ಸೇರುವ ಬಾಯಿಯಲ್ಲಿ ಹೊರಗೊಂದು ಡಸ್ಟ್ ಸೀಲ್, ಅದರೊಳಗೆ ಆಯಿಲ್ ಸೀಲ್. ಚಕ್ರ ಎರಚುವ ಕೆಸರು ನೇರವಾಗಿ ಬಂದು ಬೀಳುವುದು ಅಲ್ಲಿಗೇ. ಒಣಗಿದ ಕೆಸರನ್ನು ತೊಳೆಯುವ ಆತುರದಲ್ಲಿ ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಕೊಳವೆಯನ್ನು ಆ ಬಾಯಿಗೇ ಹಿಡಿಯುವವರುಂಟು. ನೀರು ಮರಳನ್ನು ಹೊರಕ್ಕೆ ತರುವ ಬದಲು ಒಳಕ್ಕೆ ಸೇರಿಸುತ್ತದೆ. ದೂರದಿಂದ ನೀರು ಹಾಯಿಸಿ, ಬಟ್ಟೆಯಿಂದ ಒರೆಸಿ, ಡಸ್ಟ್ ಸೀಲನ್ನು ಮೆಲ್ಲಗೆ ಕೆಳಕ್ಕೆ ಜಾರಿಸಿ ಒಳಗಿನ ಕೊಳೆ ತೆಗೆಯುವುದೇ ಸರಿ.

ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಾಣಿಸಿಕೊಂಡಿತೆಂದರೆ ಆಯಿಲ್ ಸೀಲ್ ಕೆಟ್ಟಿತೆಂದು ತೀರ್ಮಾನಿಸುವುದು ರೂಢಿ. ಅಷ್ಟು ಅವಸರ ಬೇಡ. ಎಷ್ಟೋ ಬಾರಿ ಸೀಲಿನ ತುಟಿಯಡಿ ಒಂದು ಮರಳಿನ ಕಾಳು ಸಿಕ್ಕಿಕೊಂಡು ಎಣ್ಣೆಗೆ ದಾರಿ ಬಿಟ್ಟಿರುತ್ತದೆ. ಹಿಂದಿನ ಕಾಲದ ರೇಸ್ ಮೆಕ್ಯಾನಿಕ್ಕುಗಳು ಕ್ಯಾಮೆರಾದ 35 ಮಿಲಿಮೀಟರ್ ಫಿಲ್ಮಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ಅದನ್ನು ಕೊಳವೆಗೂ ಸೀಲಿಗೂ ನಡುವೆ ತೂರಿಸಿ ಸುತ್ತ ಎಳೆದರೆ ಕಾಳು ಹೊರಬೀಳುತ್ತಿತ್ತು. ಈಗ ಫಿಲ್ಮು ಅಪರೂಪ, ಅದೇ ಕೆಲಸಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಮಾರುತ್ತಾರೆ. ಇನ್ನು ಕಲ್ಲು ತಗುಲಿ ಮಿರುಗುವ ಕೊಳವೆಗೆ ಗೀರು ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ವ್ಯರ್ಥ. ಗೀರಿನ ಚೂಪು ಅಂಚು ಪ್ರತಿ ಸಲವೂ ರಬ್ಬರನ್ನು ಕೊಯ್ಯುತ್ತದೆ. ಬೆರಳಿನ ಉಗುರನ್ನು ಕೊಳವೆಯ ಉದ್ದಕ್ಕೆ ಎಳೆದರೆ ಗೀರು ತಿಳಿಯುತ್ತದೆ. ಸಣ್ಣದಾದರೆ ಅತಿ ನಯವಾದ ಉಜ್ಜು ಕಾಗದವನ್ನು ಎಣ್ಣೆಯಲ್ಲಿ ನೆನೆಸಿ ಅಂಚನ್ನು ಮಾತ್ರ ಸವರಬಹುದು.

ಮೋಟೊಕ್ರಾಸ್ ಗಾಡಿಯ ಆಯಸ್ಸನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಹಾಕುತ್ತಾರೆ. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗಳಾದ ಮೇಲೆ, ಫೋರ್ಕು ಸೋರದಿದ್ದರೂ ಬಿಚ್ಚಲೇಬೇಕು. ಬಿಚ್ಚುವ ಮೊದಲು ಗಾಳಿಯನ್ನು ಸಂಪೂರ್ಣ ಹೊರಬಿಡಬೇಕು. ಈ ಒಂದು ಮಾತಿನಲ್ಲಿ ರಿಯಾಯಿತಿ ಇಲ್ಲ. ಹತ್ತು ಬಾರ್ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಕಿಲೋ ಭಾರ. ಅದು ಒಳಗಿರುವಾಗ ಮೇಲಿನ ಮುಚ್ಚಳವನ್ನು ತಿರುವಿದರೆ ಕೊನೆಯ ಎಳೆ ಬಿಟ್ಟೊಡನೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಮುಖವನ್ನು ಪಕ್ಕಕ್ಕಿಟ್ಟು, ವಾಲ್ವಿನ ಮೇಲೆ ಬಟ್ಟೆ ಹಿಡಿದು, ಪಿನ್ನನ್ನು ನಿಧಾನವಾಗಿ ಒತ್ತಬೇಕು. ಗಾಳಿಯ ಜೊತೆ ಎಣ್ಣೆಯ ತುಂತುರೂ ಬರುತ್ತದೆ. ಸದ್ದು ನಿಂತ ಮೇಲೂ ಇನ್ನೊಮ್ಮೆ ಒತ್ತಿ ನೋಡುವುದು ಕ್ಷೇಮ.

ಒಳಗಿನಿಂದ ಸುರಿದ ಎಣ್ಣೆಯನ್ನು ಚೆಲ್ಲುವ ಮುನ್ನ ಬಿಳಿಯ ತಟ್ಟೆಯಲ್ಲಿಟ್ಟು ನೋಡಬೇಕು. ಬೂದು ಬಣ್ಣಕ್ಕೆ ತಿರುಗಿ ಮಿನುಗುತ್ತಿದ್ದರೆ ಲೋಹದ ಪುಡಿ ಸೇರಿದೆ, ಎಲ್ಲೋ ಉಜ್ಜುತ್ತಿದೆ. ಹಾಲಿನಂತಿದ್ದರೆ ನೀರು ಹೊಕ್ಕಿದೆ. ರಬ್ಬರ್ ಉಂಗುರಗಳನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಬಹಳ. ಪೆಟ್ರೋಲ್ ಕುಡಿದ ರಬ್ಬರು ಉಬ್ಬುತ್ತದೆ, ಒಣಗಿದಾಗ ಮೊದಲಿನಂತಾಗುವುದಿಲ್ಲ. ಹಳೆಯದನ್ನು ಮತ್ತೆ ಹಾಕುವ ಉಳಿತಾಯವೂ ಬೇಡ. ಹೊಸ ಸೀಲನ್ನು ಏರಿಸುವಾಗ ಕೊಳವೆಯ ಚೂಪು ಅಂಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಹೇಳಿದ ಗ್ರೀಸನ್ನೇ ಸವರಿ ಜಾರಿಸಬೇಕು. ಇಲ್ಲದಿದ್ದರೆ ಸೀಲಿನ ತುಟಿ ಹಾಕುವಾಗಲೇ ಹರಿದಿರುತ್ತದೆ, ತಪ್ಪು ಮಾತ್ರ ಮೊದಲ ಓಟದಲ್ಲಿ ಗೊತ್ತಾಗುತ್ತದೆ.

ಗ್ರೀಸಿನ ಪಾತ್ರ ಇಲ್ಲಿ ತೋರುವುದಕ್ಕಿಂತ ದೊಡ್ಡದು. ಹತ್ತು ಬಾರ್ ಗಾಳಿಯನ್ನು ತಡೆಯಬೇಕಾದರೆ ರಬ್ಬರು ಕೊಳವೆಯನ್ನು ಗಟ್ಟಿಯಾಗಿ ತಬ್ಬಿಕೊಳ್ಳಲೇಬೇಕು. ತಬ್ಬಿದಷ್ಟೂ ಘರ್ಷಣೆ. ದೊಡ್ಡ ಹಾರಿಕೆಯಲ್ಲಿ ಇದು ತಿಳಿಯದು. ಆದರೆ ಸಣ್ಣ ಕಲ್ಲು, ಒಣಗಿದ ಚಕ್ರದ ಗೆರೆಗಳ ಮೇಲೆ ಫೋರ್ಕು ಒಂದು ಕ್ಷಣ ಕದಲದೆ ನಿಂತು ಪೆಟ್ಟನ್ನು ಹಾಗೆಯೇ ಕೈಗೆ ದಾಟಿಸುತ್ತದೆ. ಜಪಾನಿ ಗಾಡಿಗಳ ಸವಾರರ ಮುಖ್ಯ ದೂರು ಇದೇ ಆಗಿತ್ತು. ಒಣಗಿದ ಸೀಲಿನ ಗಾಳಿ ಫೋರ್ಕು ಸೋರದೆಯೂ ಕೆಟ್ಟದ್ದೇ.

ಹಾಗಿದ್ದೂ ಕೆಟಿಎಂ ಇದನ್ನು ಬಿಡಲಿಲ್ಲವೇಕೆ? ಉತ್ತರ ಅದೇ ಕಂಪೆನಿಯ ಬೇರೆ ಗಾಡಿಗಳಲ್ಲಿದೆ. ಕಾಡುಮೇಡುಗಳಲ್ಲಿ ದಿನವಿಡೀ ಓಡುವ ಎಂಡ್ಯೂರೊ ಓಟಕ್ಕಾಗಿ ಅದು ಮಾಡುವ ಇಎಕ್ಸ್‌ಸಿ ಸರಣಿಯಲ್ಲಿ ಉಕ್ಕಿನ ಸುರುಳಿ. ಮರುಭೂಮಿ ರ್‍ಯಾಲಿಗೆ ಮಾಡುವ 450 ಸಿಸಿ ಗಾಡಿಯಲ್ಲೂ ಉಕ್ಕಿನ ಸುರುಳಿ. ಗಾಳಿ ಇರುವುದು ಮುಖ್ಯವಾಗಿ ಮೋಟೊಕ್ರಾಸ್ ಗಾಡಿಯಲ್ಲಿ. ವಿಶ್ವ ಮೋಟೊಕ್ರಾಸ್‌ನ ಒಂದು ಓಟದ ಅವಧಿ 30 ನಿಮಿಷ ಮತ್ತು ಎರಡು ಸುತ್ತು. ಸುತ್ತಿನ ಅಂಚಿನಲ್ಲಿ ಮೆಕ್ಯಾನಿಕ್ ನಿಂತಿರುತ್ತಾನೆ. ಬೆಳಿಗ್ಗೆ ತುಂಬಿ, ಮಧ್ಯಾಹ್ನ ಅಳೆದು, ಸಂಜೆ ಒರೆಸಿಡುವ ಕೈಗಳು ಅಲ್ಲಿವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಡಾಕರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿ, ಅದನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಅಂತಹ ಓಟದಲ್ಲಿ ಒಂದೇ ದಿನ ನೂರಾರು ಕಿಲೋಮೀಟರ್, ಹತ್ತಿರದಲ್ಲಿ ನರಪಿಳ್ಳೆ ಇರುವುದಿಲ್ಲ. ಅಲ್ಲಿ ಉಂಗುರವೊಂದು ಕೈಕೊಟ್ಟರೆ ಗಾಳಿಯ ಜೊತೆ ಓಟವೂ ಹೋಯಿತು. ಉಕ್ಕಿನ ಸ್ಪ್ರಿಂಗಿನ ಫೋರ್ಕಿನಲ್ಲಿ ಸೀಲ್ ಹೋದರೆ ಎಣ್ಣೆ ಚೆಲ್ಲಿ ಗಾಡಿ ಕುಣಿಯುತ್ತದೆ, ಆದರೆ ನಿಂತಿರುತ್ತದೆ. ಪಂಪು ಹಿಡಿದವನು ಪಕ್ಕದಲ್ಲಿರುವ ಕಡೆ ಮಾತ್ರ ಗಾಳಿ ಫೋರ್ಕು ಎಂಬುದು ಕೆಟಿಎಂನ ಲೆಕ್ಕಾಚಾರವಿದ್ದಂತಿದೆ.

2024ರ ಕೊನೆಯಲ್ಲಿ ಕೆಟಿಎಂ ತನ್ನ ಮೋಟೊಕ್ರಾಸ್ ಗಾಡಿಗಳನ್ನು ಭಾರತದಲ್ಲೂ ಮಾರಾಟಕ್ಕಿಟ್ಟಿತು. ಇನ್ನು ಮುಂದೆ ಇಲ್ಲಿನ ಗ್ಯಾರೇಜುಗಳಿಗೂ ಇಂತಹ ಫೋರ್ಕುಗಳು ಬರುತ್ತವೆ. ಹಾಗಾಗಿ ಒಂದು ಲೆಕ್ಕವನ್ನು ಮೆಕ್ಯಾನಿಕ್ಕುಗಳು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಂಜೆ 28 ಡಿಗ್ರಿಯಲ್ಲಿ ಹೊಸ ಸೀಲ್ ಹಾಕಿ 10.8 ತುಂಬಿ ಮನೆಗೆ ಹೋದವನು, ಬೆಳಿಗ್ಗೆ 18 ಡಿಗ್ರಿಯಲ್ಲಿ ಪಂಪು ಜೋಡಿಸಿದಾಗ ಗೇಜು 10.1 ತೋರಿಸುತ್ತದೆ. ಎದೆ ಧಸಕ್ಕೆನ್ನುತ್ತದೆ. ಸೀಲ್ ಸೋರಿತೆಂದು ಮತ್ತೆ ಎಲ್ಲವನ್ನೂ ಬಿಚ್ಚಲು ಕೈ ಹೋಗುತ್ತದೆ. ಆದರೆ ಹತ್ತು ಡಿಗ್ರಿ ಚಳಿಯೇ 0.4 ಬಾರ್ ತಿಂದಿದೆ. ಉಳಿದ 0.3 ಪಂಪಿನ ಹೋಸಿನ ಪಾಲು. ಖಾಲಿ ಹೋಸನ್ನು ಜೋಡಿಸಿದೊಡನೆ ಫೋರ್ಕಿನ ಗಾಳಿಯಲ್ಲೇ ಸ್ವಲ್ಪ ಅದರೊಳಕ್ಕೆ ನುಗ್ಗುತ್ತದೆ. ಕೋಣೆ ಚಿಕ್ಕದಾದ್ದರಿಂದ ಅಷ್ಟೇ ಸಾಕು ಮುಳ್ಳು ಇಳಿಯಲು. ಪಂಪಿನಿಂದ ಪಂಪಿಗೆ ಈ ಪಾಲು ಬೇರೆ. ತುಂಬಿದ ಕೂಡಲೇ ಒಮ್ಮೆ ಬಿಚ್ಚಿ, ಮತ್ತೆ ಜೋಡಿಸಿ, ಎಷ್ಟು ಇಳಿಯಿತೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಬೆಳಿಗ್ಗೆ ಎದೆ ಧಸಕ್ಕೆನ್ನುವುದಿಲ್ಲ. ಎರಡನ್ನೂ ಕಳೆದ ಮೇಲೂ ಒತ್ತಡ ಕಡಿಮೆ ಬಂದರೆ ಆಗ ಹುಡುಕಬೇಕು. ಆಗಲೂ ಸೀಲಿಗೆ ಕೈ ಹಾಕುವ ಮೊದಲು, ಪಂಕ್ಚರ್ ಅಂಗಡಿಯವನಂತೆ ವಾಲ್ವಿನ ಬಾಯಿಗೆ ಒಂದು ತೊಟ್ಟು ಸೋಪಿನ ನೀರು ಬಿಡಬೇಕು. ಗುಳ್ಳೆ ಬಂದರೆ, ಬಿಗಿ ಮಾಡಬೇಕಾದದ್ದು ಆ ಪುಟ್ಟ ಪಿನ್ನನ್ನು ಮಾತ್ರ.